ಹಳದಿ ದೀಪಕ್ಕೆ ಟೇಪ್ ಅಂಟಿಸಬೇಡಿ

ಕಾರಿನ ಮೀಟರ್ ಬೋರ್ಡಿನಲ್ಲಿ ಕೆಂಪು ದೀಪ ಉರಿದರೆ ಎಲ್ಲರೂ ಗಾಬರಿಯಾಗ್ತೇವೆ. ಹಳದಿ ದೀಪ ಉರಿದರೆ? ‘ಗಾಡಿ ಓಡ್ತಿದೆಯಲ್ಲ, ಮುಂದಿನ ಸರ್ವೀಸ್‌ಗೆ ನೋಡೋಣ’ ಅಂತ ಹೊರಟೇಬಿಡ್ತೇವೆ. ನಮ್ಮ ಅಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ದೀಪ ಕಾಣದ ಹಾಗೆ ಗಾಜಿನ ಮೇಲೆ ಕರೀ ಇನ್ಸುಲೇಷನ್ ಟೇಪಿನ ಚಿಕ್ಕ ತುಂಡು ಅಂಟಿಸಿದ್ದರು. ‘ರಾತ್ರಿ ಹೊತ್ತು ಕಣ್ಣಿಗೆ ಹೊಡೆಯುತ್ತೆ ಕಣಮ್ಮ’ ಅನ್ನೋದು ಅವರ ಸಮಜಾಯಿಷಿ.

ಅಪ್ಪ–ಅಮ್ಮ ಇರೋದು ಸಕಲೇಶಪುರದಲ್ಲಿ, ನಾನು ಬೆಂಗಳೂರಿನಲ್ಲಿ. ಅಮ್ಮನಿಗೆ ಕಳೆದ ವರ್ಷದಿಂದ ಡಯಾಲಿಸಿಸ್ ನಡೀತಿದೆ. ಮಂಗಳವಾರ ಮತ್ತು ಶುಕ್ರವಾರ ಹಾಸನಕ್ಕೆ ಹೋಗಲೇಬೇಕು. ಹೋಗೋದಕ್ಕೆ ಸುಮಾರು 40 ಕಿಲೋಮೀಟರ್, ಬರೋದಕ್ಕೆ ಅಷ್ಟೇ. ಬರುವಾಗ ಅಮ್ಮ ಸುಸ್ತಾಗಿ ಹಿಂದಿನ ಸೀಟಿನಲ್ಲಿ ಮಲಗಿರ್ತಾರೆ. ಸ್ಟೀರಿಂಗ್ ಹಿಡಿದ ಅಪ್ಪನಿಗೆ 66. ಮೇಲಿಂದ ಮಲೆನಾಡಿನ ಮಳೆ, ಎದುರಿಗೆ ಹೆದ್ದಾರಿಯ ಲಾರಿ, ಟ್ಯಾಂಕರುಗಳ ಸಾಲು. ನಮ್ಮ ಮನೆಯಲ್ಲಿ ಆ ಕಾರು ಶೋಕಿಗೆ ಇರೋದಲ್ಲ, ಔಷಧಿ ಡಬ್ಬಿಯ ಹಾಗೆ ದಿನಾ ಬೇಕಾದ್ದು.

ಜುಲೈನಲ್ಲಿ ಒಂದು ವಾರ ರಜೆ ಹಾಕಿ ಊರಿಗೆ ಹೋಗಿದ್ದಾಗ ಟೇಪ್ ಕಿತ್ತು ನೋಡಿದೆ. ಅಡಿಯಲ್ಲಿ ‘ಎಬಿಎಸ್’ ಅಂತ ಹಳದಿ ಅಕ್ಷರ ಉರಿಯುತ್ತಿತ್ತು. ಎಷ್ಟು ದಿನದಿಂದ ಅಂತ ಕೇಳಿದರೆ, ‘ಯುಗಾದಿ ಆದ್ಮೇಲೆ’ ಅಂದರು!

ಅಪ್ಪನೂ ಸುಮ್ಮನೆ ಕೂತಿರಲಿಲ್ಲ. ಸರ್ವೀಸ್ ಸೆಂಟರ್ ಒಂದಕ್ಕೆ ತೋರಿಸಿದ್ದರಂತೆ. ಅಲ್ಲಿ ಚಕ್ರವನ್ನೂ ಬಿಚ್ಚದೆ, ‘ಎಬಿಎಸ್ ಯೂನಿಟ್ ಪೂರ್ತಿ ಬದಲಾಯಿಸಬೇಕು, 30 ಸಾವಿರದ ಮೇಲಾಗುತ್ತೆ’ ಅಂದಿದ್ದಾರೆ. ಆಸ್ಪತ್ರೆ ಖರ್ಚಿನ ಮಧ್ಯೆ ಅಷ್ಟು ದುಡ್ಡು ಎಲ್ಲಿಂದ ತರೋದು? ಬ್ರೇಕ್ ಹಿಡೀತಿದೆ ತಾನೇ ಅಂತ ಮನೆಗೆ ಬಂದು ಟೇಪ್ ಅಂಟಿಸಿದ್ದಾರೆ.

ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಎಬಿಎಸ್ ದೀಪ ಉರಿದರೂ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತೆ. ಉಳಿದರ್ಧ ಗೊತ್ತಾಗೋದು ಗಟ್ಟಿಯಾಗಿ ಬ್ರೇಕ್ ಒತ್ತಿದ ದಿನ.

ಪ್ರತಿ ಚಕ್ರದ ಒಳಬದಿಯಲ್ಲಿ ಬೆರಳಿನಷ್ಟು ಗಾತ್ರದ ಒಂದು ಸೆನ್ಸರ್ ಇರುತ್ತೆ. ಅದರ ಎದುರಿಗೆ ಹಲ್ಲುಗಳಿರುವ ಅಥವಾ ಆಯಸ್ಕಾಂತದ ಉಂಗುರ ಚಕ್ರದ ಜೊತೆ ತಿರುಗುತ್ತೆ. ಚಕ್ರ ಎಷ್ಟು ವೇಗದಲ್ಲಿ ತಿರುಗ್ತಿದೆ ಅನ್ನೋ ಲೆಕ್ಕ ಕಂಪ್ಯೂಟರಿಗೆ ಹೋಗೋದು ಅಲ್ಲಿಂದಲೇ. ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಒಂದು ಚಕ್ರ ಮಾತ್ರ ತಿರುಗೋದು ನಿಲ್ಲಿಸಿ ಜಾರತೊಡಗಿದರೆ, ಎಬಿಎಸ್ ಆ ಚಕ್ರದ ಬ್ರೇಕನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿದು ಮಾಡುತ್ತೆ. ಕಾಲಿನ ಕೆಳಗೆ ಪೆಡಲ್ ಗಡಗಡ ಅನ್ನೋದು ಅದಕ್ಕೇ. ಹೆದರಿ ಕಾಲು ತೆಗೀಬಾರದು, ಒತ್ತಿಕೊಂಡೇ ಸ್ಟೀರಿಂಗ್ ತಿರುಗಿಸಬೇಕು. ನಾಲ್ಕರಲ್ಲಿ ಒಂದು ಸೆನ್ಸರ್ ಕೈಕೊಟ್ಟರೂ ಲೆಕ್ಕ ತಪ್ಪುತ್ತೆ ಅಂತ ಎಬಿಎಸ್ ತಾನೇ ಆಫ್ ಆಗಿ ದೀಪ ಹಚ್ಚುತ್ತೆ.

1978ರಲ್ಲಿ ಜರ್ಮನಿಯ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್‌ನ ಎಸ್-ಕ್ಲಾಸ್‌ನಲ್ಲಿ ಬಂದಾಗ ಅದು ದುಡ್ಡಿದ್ದವರ ಸೌಲಭ್ಯ. ಈಗ ನಮ್ಮಲ್ಲಿ 125 ಸಿಸಿ ಮೀರಿದ ಹೊಸ ಬೈಕಿಗೂ 2019ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ.

‘ಎಬಿಎಸ್ ಇಲ್ಲದ ಜೀಪಲ್ಲೇ ಶಿರಾಡಿ ಘಾಟಿ ಇಳಿದವನು ನಾನು’ ಅಂದರು ಅಪ್ಪ. ‘ಆಗ ಇಲ್ಲ ಅಂತ ಗೊತ್ತಿತ್ತು ಅಪ್ಪ. ಬಿಟ್ಟು ಬಿಟ್ಟು ಬ್ರೇಕ್ ಒತ್ತುತ್ತಿದ್ರಿ. ಈಗ ಎಂಟು ವರ್ಷದಿಂದ ಈ ಕಾರಿಗೆ ಕಾಲು ಒಗ್ಗಿಹೋಗಿದೆ’ ಅಂದೆ. ಒಪ್ಪಲಿಲ್ಲ. ಕೊನೆಗೆ ಹೇಳಬಾರದು ಅಂದುಕೊಂಡಿದ್ದನ್ನೂ ಹೇಳಿದೆ: ‘ಅಮ್ಮನ ಕಾಲು ಊದಿಕೊಂಡಾಗ ಅಮ್ಮನೂ ಹೀಗೇ ಅಂತಿದ್ರು. ಓಡಾಡ್ತಿದೀನಲ್ಲ, ಏನೂ ಆಗಿಲ್ಲ ಬಿಡಿ ಅಂತ.’

ಅಪ್ಪ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಾರಿನ ಕೀ ತಂದು ಟೇಬಲ್ ಮೇಲಿಟ್ಟರು.

ಮರುದಿನ ಅಪ್ಪನಿಗೆ ಪರಿಚಯದ ಗ್ಯಾರೇಜಿಗೆ ಹೋದೆವು. ಅಲ್ಲಿನ ಅಣ್ಣ ಮೊದಲು ಹೇಳಿದ್ದೇ ಇದು: ‘ಏನು ಹಾಕ್ಬೇಕು ಅನ್ನೋದು ಆಮೇಲೆ ತಂಗಿ. ಏನು ಹೋಗಿದೆ ಅಂತ ಮೊದಲು ನೋಡಣ.’ ಆನ್‌ಲೈನಲ್ಲಿ ಸಿಗೋ ಅಗ್ಗದ ಸ್ಕ್ಯಾನರುಗಳಲ್ಲಿ ಹೆಚ್ಚಿನವು ಎಂಜಿನ್ ಕೋಡ್ ಮಾತ್ರ ಓದುತ್ತವೆ. ಅವರ ಹತ್ತಿರ ಎಬಿಎಸ್ ಓದುವ ಸ್ಕ್ಯಾನರ್ ಇತ್ತು. ಅದನ್ನು ಸಿಕ್ಕಿಸಿ, ಖಾಲಿ ರಸ್ತೆಯಲ್ಲಿ ಕಾರನ್ನು ನಿಧಾನಕ್ಕೆ ಓಡಿಸಿಸಿದರು. ಪರದೆ ಮೇಲೆ ಮೂರು ಚಕ್ರಗಳ ವೇಗ 20, 20, 20. ಹಿಂದಿನ ಬಲಚಕ್ರದ್ದು ಮಾತ್ರ ಸೊನ್ನೆ. 30 ಸಾವಿರದ ಯೂನಿಟ್ ಮೂರು ಚಕ್ರದ ಲೆಕ್ಕ ಸರಿಯಾಗೇ ಹೇಳ್ತಿದೆ ಅಂದರೆ ಮೊದಲು ಅನುಮಾನ ಪಡಬೇಕಾದ್ದು ಆ ನಾಲ್ಕನೇ ಚಕ್ರದ ಕಡೆ ತಾನೇ?

ಕೆಲಸ ಮಾಡುವಾಗ ಪಕ್ಕದಲ್ಲೇ ನಿಂತು ಟಾರ್ಚ್ ಹಿಡಿದೆ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರಿನಲ್ಲಿಟ್ಟರು. ನಮ್ಮ ಕಾರಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರಗಳನ್ನು. ಹಿಂದೆ ಎತ್ತುವಾಗ ಅದೊಂದನ್ನೇ ನಂಬೋ ಹಾಗಿಲ್ಲ. ಚಕ್ರ ನೆಲದ ಮೇಲಿದ್ದಾಗಲೇ ನಟ್ ಸಡಿಲ ಮಾಡಿ, ಆಮೇಲೆ ಜಾಕಿ ಕೊಟ್ಟು, ಅಡಿಗೆ ಸ್ಟ್ಯಾಂಡ್ ಇಟ್ಟರು. ಬರೀ ಜಾಕಿ ಮೇಲೆ ನಿಂತ ಕಾರಿನ ಕೆಳಗೆ ಕೈ ಹಾಕಬಾರದು ಅನ್ನೋದು ಅವರ ಮೊದಲ ಪಾಠ.

ಸೆನ್ಸರಿಗೆ ಹೋಗುವ ವೈರನ್ನು ಮೊದಲಿಂದ ಕೊನೆಯವರೆಗೂ ಬೆರಳಲ್ಲಿ ಸವರಿ ನೋಡಿದರು. ಇಲಿ ಕಡಿದಿರಬಹುದು, ಎಲ್ಲಾದರೂ ಉಜ್ಜಿ ಸವೆದಿರಬಹುದು. ಎರಡೂ ಇರಲಿಲ್ಲ. ಕನೆಕ್ಟರ್ ಬಿಚ್ಚಿ ಒರೆಸಿ ಮತ್ತೆ ಹಾಕಿದರೂ ಸೊನ್ನೆಯೇ. ನಾನು ಕಾಲೇಜಿನ ನೆನಪಲ್ಲಿ, ‘ಮಲ್ಟಿಮೀಟರಲ್ಲಿ ರೆಸಿಸ್ಟೆನ್ಸ್ ನೋಡಬಹುದಲ್ವಾ ಅಣ್ಣ?’ ಅಂತ ಕೇಳಿದೆ. ‘ಹಳೇ ಕಾಯಿಲ್ ಥರದ್ದಾದ್ರೆ ನೋಡಬಹುದು. ಇದು ಕರೆಂಟ್ ಕೊಟ್ರೆ ಕೆಲಸ ಮಾಡೋ ಥರದ್ದು, ಹಾಗೆ ನೋಡಿದ್ರೆ ಏನೂ ಗೊತ್ತಾಗಲ್ಲ’ ಅಂದರು. ಕನೆಕ್ಟರಿಗೆ ಕರೆಂಟ್ ಸರಿಯಾಗಿ ಬರ್ತಿದೆ ಅಂತ ನೋಡಿಕೊಂಡ ಮೇಲೇ ಸೆನ್ಸರಿಗೆ ಕೈ ಹಾಕಿದ್ದು.

ಅದನ್ನು ಹಿಡಿದಿದ್ದದ್ದು ಹತ್ತನೇ ನಂಬರಿನ ಒಂದೇ ಒಂದು ಬೋಲ್ಟ್. ಬೋಲ್ಟ್ ಬಂತು, ಸೆನ್ಸರ್ ಬರಲಿಲ್ಲ. ನಮ್ಮೂರ ಮಳೆಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಒಂದು ಕಾಫಿ ಕುಡಿಯುವಷ್ಟು ಹೊತ್ತು ಬಿಟ್ಟರು. ಆಮೇಲೆ ಎಳೆಯದೆ, ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸುತ್ತಾ ಬಿಡಿಸಿದರು. ಜೋರು ಮಾಡಿದರೆ ಮುರಿದು ಅರ್ಧ ಒಳಗೇ ಉಳಿಯುತ್ತಂತೆ. ಹೊರಗೆ ಬಂದ ಸೆನ್ಸರಿನ ತುದಿ ಬಿರುಕು ಬಿಟ್ಟಿತ್ತು.

ಹೊಸದು ತರೋದಕ್ಕೆ ನಾನೇ ಹಾಸನದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಕೆಲವು ಕಾರುಗಳಲ್ಲಿ ಎಡದ್ದೇ ಬೇರೆ, ಬಲದ್ದೇ ಬೇರೆ. ಅದಕ್ಕೆ ಹಳೇದನ್ನು ಜೊತೆಗೇ ಒಯ್ದು, ಪಾರ್ಟ್ ನಂಬರ್ ಹೊಂದಿಸಿಕೊಂಡು ತಂದೆ. ಅಣ್ಣ ತೂತಿನ ಸುತ್ತಲಿನ ತುಕ್ಕನ್ನು ಒಳಗೆ ಬೀಳದ ಹಾಗೆ ಉಜ್ಜಿ ತೆಗೆದರು. ಹೊಸ ಸೆನ್ಸರ್ ಕೈಯಲ್ಲೇ ಒತ್ತಿ ಕೂರಿಸಿದರು. ಸುತ್ತಿಗೆ ಮುಟ್ಟಲಿಲ್ಲ. ವೈರನ್ನು ಹಳೇ ದಾರಿಯಲ್ಲೇ, ಪ್ರತಿ ಕ್ಲಿಪ್ಪಿಗೂ ಸಿಕ್ಕಿಸಿ ತಂದರು. ಜೋತುಬಿದ್ದರೆ ಟೈರಿಗೆ ತಾಗಿ ತುಂಡಾಗುತ್ತೆ. ಕೋಡ್ ಅಳಿಸಿ ಮತ್ತೊಂದು ಸುತ್ತು ಓಡಿಸಿದಾಗ ನಾಲ್ಕೂ ಚಕ್ರ 20 ತೋರಿಸಿದವು, ದೀಪ ಆರಿತು. ಸೆನ್ಸರ್, ಕೂಲಿ ಎಲ್ಲ ಸೇರಿ ಖರ್ಚಾದದ್ದು 2,400 ರೂಪಾಯಿ.

ಎಲ್ಲರಿಗೂ ಇಷ್ಟರಲ್ಲೇ ಮುಗಿಯುತ್ತೆ ಅಂತಲ್ಲ. ಕೆಲವೊಮ್ಮೆ ಬೇರಿಂಗ್ ಹೋಗಿರುತ್ತೆ, ಕೆಲವೊಮ್ಮೆ ಯೂನಿಟ್ಟೇ ಹೋಗಿರುತ್ತೆ. ಆದರೆ ದೊಡ್ಡ ಮೊತ್ತ ಕೇಳಿದ ಕೂಡಲೇ ಹೆದರಿ ಸುಮ್ಮನಾಗಬೇಡಿ. ‘ಯಾವ ಚಕ್ರದ ಕೋಡ್ ಬಂದಿದೆ? ಓಡಿಸಿ ತೋರಿಸ್ತೀರಾ?’ ಅಂತ ಕೇಳಿ. ಆ ಪ್ರಶ್ನೆಗೆ ಉತ್ತರ ಕೊಡುವವರ ಕೈಗೆ ಗಾಡಿ ಕೊಡಿ.

ಇನ್ನೆರಡು ವಿಷಯ ನೆನಪಿರಲಿ. ಎಬಿಎಸ್ ದೀಪದ ಜೊತೆ ಕೆಂಪು ಬ್ರೇಕ್ ದೀಪವೂ ಉರಿದರೆ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಮೆಕ್ಯಾನಿಕ್ಕನ್ನು ಅಲ್ಲಿಗೇ ಕರೆಸಿ. ಇನ್ನು, ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಕೀ ತಿರುಗಿಸಿ ನೋಡಿ. ಎಬಿಎಸ್ ದೀಪ ಒಮ್ಮೆ ಉರಿದು, ಕೆಲವು ಸೆಕೆಂಡಿನಲ್ಲಿ ಆರಬೇಕು. ಉರಿಯದೇ ಇದ್ದರೆ ಖುಷಿಪಡಬೇಡಿ, ಯಾರೋ ದೀಪವನ್ನೇ ಮುಚ್ಚಿರಬಹುದು. ನಮ್ಮಪ್ಪನ ಥರದವರು ಊರಿಗೊಬ್ಬರಾದರೂ ಇರ್ತಾರೆ!

ಮುಂದಿನ ಶುಕ್ರವಾರ ಹಾಸನದಿಂದ ಬರುವಾಗ ಜಡಿಮಳೆ. ಅಪ್ಪನೇ ಓಡಿಸ್ತಿದ್ದರು. ಮಲಗಿದ್ದ ಅಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದರು: ‘ದೀಪದ ಕಥೆ ಮುಗೀತಲ್ಲ. ಹಾಗೇ ಆ ವೈಪರನ್ನೂ ಒಂದು ಸಲ ತೋರಿಸ್ರೀ, ಕಿರ್ರ್ ಅನ್ನೋದಕ್ಕೆ ನಿದ್ದೆನೇ ಬರಲ್ಲ.’