ವಾರ ನೋಡಿ ಬೀಳದ ಕಸ

ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ವಳಸಂಗದ ಕಡೆ ಆಷಾಢದಲ್ಲಿ ಕಿಟಕಿ ಮುಚ್ಚಿದರೂ ಧೂಳು ನಿಲ್ಲುವುದಿಲ್ಲ. ಅರಬ್ಬಿ ಸಮುದ್ರದ ಮೋಡಗಳು ಸಹ್ಯಾದ್ರಿಯಲ್ಲೇ ಮಳೆ ಸುರಿಸಿ ಹಗುರಾಗಿಬಿಡುತ್ತವೆ. ನಮ್ಮ ಪಾಲಿಗೆ ಉಳಿಯುವುದು ಗಾಳಿ. ನಾವು ನೆಚ್ಚುವುದು ಹಿಂಗಾರಿ ಮಳೆಯನ್ನು. ಅಲ್ಲಿಯವರೆಗೆ ಹೊಲದ ಮಣ್ಣೇ ಹಾರಿ ಬಂದು ಕಚೇರಿಯ ದಫ್ತರದ ಮೇಲೆ ಕೂರುತ್ತದೆ.

ಈ ಸೀಮೆಯ ಒಂದು ಸಣ್ಣ ಕಚೇರಿಯಲ್ಲಿ ನಾನು ಕೆಲವು ವರ್ಷ ಕಾರಕೂನನಾಗಿದ್ದೆ. ಕಸ ಹೊಡೆಯಲು ಸೋಮವಾರ, ಗುರುವಾರ. ನೆಲ ಒರೆಸಲು ಶನಿವಾರ. ಜನವರಿ 26, ಮೇ 1, ಆಗಸ್ಟ್ 15 ಬಂತೆಂದರೆ ಜೇಡರ ಬಲೆ ತೆಗೆಯುವುದು. ಈ ಪಟ್ಟಿ ಬರೆದು ಗೋಡೆಗೆ ಅಂಟಿಸಿದವನು ನಾನೇ. ಕಸ ಹೊಡೆಯಲು ಬರುತ್ತಿದ್ದ ಅವ್ವ ಅದನ್ನು ಓದಿಸಿ ಕೇಳಿ, “ವಾರಾ ನೋಡಿ ಕಸಾ ಬೀಳತೈತೇನ್ರಿ, ಸಾಹೇಬ್ರ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಒಂದು ಮುಂಜಾನೆ ಆಕೆ ಹಳೆಯ ಕಪಾಟು ಸರಿಸಿ ನನ್ನನ್ನು ಕರೆದಳು. ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆಯೊಂದು ನೆಲದಿಂದ ಹೊರಟು ಕೆಳಗಿನ ಹಲಗೆಗೆ ಏರಿತ್ತು. ಉಗುರಿನಿಂದ ಕೆರೆದಳು, ಒಳಗೆ ಬೆಳ್ಳನೆಯ ಗೆದ್ದಲು ಹರಿದಾಡುತ್ತಿದ್ದವು. ಹಲಗೆಯ ಮೇಲಿದ್ದ ದಫ್ತರದ ಕೆಂಪು ಬಟ್ಟೆಯ ಗಂಟು ಮೇಲಿನಿಂದ ಗಟ್ಟಿಯಾಗಿಯೇ ಇತ್ತು. ಬಿಚ್ಚಿದರೆ ಹೊಲದ ಉತಾರಗಳ ನಡುಭಾಗ ಜರಡಿ. ಒಂದು ಹಾಳೆಯಲ್ಲಿ ಗಟ ನಂಬರ್ ಉಳಿದಿತ್ತು, ಹೆಸರು ಹೋಗಿತ್ತು. ಹೊಲವನ್ನೇ ನಂಬಿದವನಿಗೆ ಆ ಹೆಸರು ಎಷ್ಟು ದೊಡ್ಡದು! ನನ್ನ ಪಟ್ಟಿಯಲ್ಲಿ ಕಪಾಟಿನ ಹಿಂಬದಿಯ ಮಾತೇ ಇರಲಿಲ್ಲ.

ಗುಡಿಸುವ ಕೆಲಸದ ಬೆಲೆ ನಮ್ಮ ಕಡೆ ಗೊತ್ತಿಲ್ಲದ್ದೇನಲ್ಲ. 2000–01ರಲ್ಲಿ ಮಹಾರಾಷ್ಟ್ರ ಸರಕಾರ ಸಂತ ಗಾಡಗೇಬಾಬಾ ಗ್ರಾಮ ಸ್ವಚ್ಛತಾ ಅಭಿಯಾನ ಹೂಡಿತು. ಅದನ್ನು ತಂದ ಆರ್.ಆರ್. ಪಾಟೀಲರು ನಮ್ಮ ಸಾಂಗಲಿ ಜಿಲ್ಲೆಯವರೇ, ತಾಸಗಾಂವ ತಾಲ್ಲೂಕಿನ ಅಂಜನಿಯವರು. ಗಾಡಗೇಬಾಬಾ ಊರು ಹೊಕ್ಕರೆ ಮೊದಲು ಬೀದಿ ಗುಡಿಸಿ, ಆಮೇಲೆ ಕೀರ್ತನೆಗೆ ನಿಲ್ಲುತ್ತಿದ್ದರು. ನಮ್ಮ ಶರಣೆ ಸತ್ಯಕ್ಕನದೂ ಅಂಗಳ ಗುಡಿಸುವ ಕಾಯಕ. ಎರಡು ಭಾಷೆ ಕೂಡುವ ಈ ಗಡಿಯಲ್ಲಿ ಇಬ್ಬರೂ ನಮ್ಮವರು. ಹಾಗಿದ್ದೂ ಕಸಬರಿಗೆ ಹಿಡಿದವಳನ್ನು ಕೇಳದೆ ದಿನ ಗೊತ್ತುಮಾಡಿದೆನಲ್ಲ, ಅದು ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ.

ಗೆದ್ದಲು ಕಂಡ ಮೇಲೆ ಅವ್ವನೂ ನಾನೂ ಕೂತು ಮಾತಾಡಿದೆವು. ಜನ ಕಾಯುವ ಬಾಕು, ಹೊಸ್ತಿಲು ಗಾಳಿಗಾಲದಲ್ಲಿ ದಿನಕ್ಕೆರಡು ಸಲ. ಪಾಯಖಾನೆ ದಿನಾ. ದಫ್ತರದ ಮೇಲಿನ ಧೂಳನ್ನು ಝಾಡಿಸಬಾರದು, ಎದ್ದ ಧೂಳು ಮತ್ತೆ ಅಲ್ಲೇ ಕೂರುತ್ತದೆ. ಹಿಂಡಿದ ಬಟ್ಟೆಯಿಂದ ಹಲಗೆ ಒರೆಸಬೇಕು. ಟ್ಯಾಂಕರ್ ನೀರಿನ ದಿನಗಳಲ್ಲಿ ಒಂದೇ ಬಕೀಟು: ಮೊದಲು ಮೇಜು, ಆಮೇಲೆ ಬಾಕು, ಕಡೆಗೆ ನೆಲ, ಉಳಿದದ್ದು ಅಂಗಳದ ಬೇವಿನ ಗಿಡಕ್ಕೆ. ಆಕೆಗೆ ಸಿಗುತ್ತಿದ್ದುದು ವಾರಕ್ಕೆ ಮೂರು ದಿನದ ಪಗಾರ. ದಿನಾ ಬಾ ಅನ್ನುವ ಮೊದಲು ದಿನದ ಕೂಲಿ ಬರೆಯಬೇಕಾಗಿತ್ತು. ಮೇಲಿನವರಿಗೆ ಅದನ್ನೇ ಬರೆದೆ, ಮೂರು ಸಲ ಬರೆದೆ.

ಮಂಜೂರಾದ ದಿನ ಹಳೆಯ ಪಟ್ಟಿ ಹರಿದೆ. ಹೊಸದನ್ನು ಅವ್ವ ಹೇಳಿದಳು, ನಾನು ಬರೆದುಕೊಂಡೆ. ಮೊದಲ ಸಾಲೇ ಕಪಾಟಿನ ಹಿಂಬದಿಯದು.