ಬಸುರಿಗೊಂದು ಮಾತು, ಮನೆಗೆ ನೂರು

ಬಸುರಿಯನ್ನು ಕಂಡರೆ ಸಾಕು, ನಮ್ಮ ಜನಕ್ಕೆ ಬಾಯಿ ಕಡಿಯುತ್ತದೆ. ಬಸ್ಸಿನ ಪಕ್ಕದ ಸೀಟಿನವರು, ಹೂ ಮಾರುವಾಕೆ, ಲಿಫ್ಟಿನಲ್ಲಿ ಸಿಕ್ಕ ಮೂರನೇ ಮಹಡಿಯವರು, ಎಲ್ಲರೂ ಅರ್ಧ ಡಾಕ್ಟರೇ. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತಂತೆ. ಮಗು ಬೆಳ್ಳಗಾಗುವುದಿಲ್ಲ, ಗಂಡನ ಜೇಬು ತೆಳ್ಳಗಾಗುತ್ತದೆ.

ಆದರೂ ಅಜ್ಜಿಯರ ಮಾತನ್ನೆಲ್ಲ ತಳ್ಳಿಹಾಕುವಂತಿಲ್ಲ. ಎದೆಯುರಿ ಜಾಸ್ತಿಯಿದ್ದರೆ ಮಗುವಿಗೆ ತಲೆತುಂಬ ಕೂದಲು ಅನ್ನುತ್ತಾರಲ್ಲ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು 64 ಬಸುರಿಯರನ್ನು ಗಮನಿಸಿ, ಆ ಮಾತಿನಲ್ಲಿ ಏನೋ ಹುರುಳಿದೆ ಎಂದು 2006ರಲ್ಲಿ ಬರೆದರು. ಕೂದಲೇನೋ ಸರಿ, ಉರಿಯುವ ಎದೆಗೆ ಅದರಿಂದೇನು ಸಮಾಧಾನ?

ಬಸುರಿನಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಹೆಚ್ಚಿ, ಅನ್ನನಾಳ ಜಠರಕ್ಕೆ ಸೇರುವಲ್ಲಿನ ಬಿಗಿ ಸಡಿಲವಾಗುತ್ತದೆ. ಬೆಳೆಯುವ ಕೂಸು ಕೆಳಗಿನಿಂದ ಒತ್ತುತ್ತದೆ. ಹುಳಿ ಮೇಲೇರದೆ ಇನ್ನೇನು ಮಾಡೀತು? ಸ್ವಲ್ಪ ಸ್ವಲ್ಪವಾಗಿ ಉಣ್ಣು, ಉಂಡ ಮೇಲೆ ಎರಡು ಮೂರು ಗಂಟೆ ಮಲಗಬೇಡ, ತಲೆಯ ಕಡೆ ಎತ್ತರಿಸಿಕೊಂಡು ಎಡಮಗ್ಗುಲಿಗೆ ಮಲಗು ಎಂದು ತಂಗಿಯ ಮಗಳಿಗೆ ಒಪ್ಪಿಸಿದೆ. ಅವಳು ನಕ್ಕಳು. "ದೊಡ್ಡಮ್ಮ, ನಮ್ಮನೇಲಿ ನ್ಯೂಸ್ ಮುಗಿಯೋವರೆಗೂ ಯಾರೂ ಊಟಕ್ಕೆ ಏಳಲ್ಲ. ಎಲ್ಲರಿಗೂ ಬಡಿಸಿ, ಕಟ್ಟೆ ಒರೆಸಿ, ನಾನು ತಟ್ಟೆ ಹಾಕ್ಕೊಳೋ ಹೊತ್ತಿಗೆ ಹತ್ತು." ಅಂದರೆ ಆ ಎದೆಯುರಿಯಲ್ಲಿ ಅರ್ಧ ಹಾರ್ಮೋನಿನದು, ಇನ್ನರ್ಧ ಟೀವಿಯದು.

ಬಸುರಿಯ ಮದ್ದುಗಳೆಲ್ಲ ಹೀಗೇ. ಹೇಳುವುದು ಅವಳಿಗೆ, ಬದಲಾಗಬೇಕಾದದ್ದು ಮನೆ. ವಾಂತಿಗೆ ಏನು ಉಪಾಯ? ಹಾಸಿಗೆಯಿಂದ ಏಳುವ ಮೊದಲೇ ಒಂದು ರಸ್ಕೋ ಹಿಡಿ ಕಡ್ಲೆಪುರಿಯೋ ತಿಂದು, ಸ್ವಲ್ಪ ಹೊತ್ತು ಸುಮ್ಮನಿದ್ದು ಏಳುವುದು. ಒಳಗಿನಿಂದ ದನಿ ಬರುತ್ತದೆ: "ಮುಖ ತೊಳೀದೆ ತಿನ್ನೋದಾ?" ಒಗ್ಗರಣೆ ವಾಸನೆಗೇ ಹೊಟ್ಟೆ ತೊಳಸುವವಳ ಕೈಗೇ ಸೌಟು ಕೊಡುತ್ತೇವೆ. ಹೆಚ್ಚಿನವರಿಗೆ 16 ವಾರದ ಹೊತ್ತಿಗೆ ವಾಂತಿ ತಗ್ಗುತ್ತದೆ. ಅಲ್ಲಿಯವರೆಗೆ ಸಾಸಿವೆ ಸಿಡಿಸಲು ಗಂಡಸರಿಗೇನು ಕೈಯಿಲ್ಲವೆ?

ಕಬ್ಬಿಣದ ಮಾತ್ರೆಯ ಕತೆ ಇನ್ನೂ ಚೆನ್ನ. 60 ಮಿಲಿಗ್ರಾಂ ಕಬ್ಬಿಣ ಇರುವ ಮಾತ್ರೆಯನ್ನು ಸರ್ಕಾರವೇ ಬಿಟ್ಟಿ ಕೊಡುತ್ತದೆ, ಬಸುರಿನಲ್ಲಿ 180 ದಿನ ನುಂಗಬೇಕು. ಗಂಡ ಪ್ರೀತಿಯಿಂದ ಮಾತ್ರೆಯನ್ನೂ ಬಿಸಿ ಕಾಫಿಯನ್ನೂ ಜೊತೆಯಲ್ಲೇ ತಂದಿಡುತ್ತಾನೆ. ಕಾಫಿ ಆ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಅದಕ್ಕೇ ಮಾತ್ರೆಯ ಜೊತೆ ನಿಂಬೆಹಣ್ಣಿನ ಪಾನಕ. ಕ್ಯಾಲ್ಸಿಯಂ ಮಾತ್ರೆಯನ್ನೂ ಬೇರೆ ಹೊತ್ತಿಗೆ ಇಟ್ಟುಕೊಳ್ಳಬೇಕು. ಮಾತ್ರೆಯಿಂದ ಮಲಬದ್ಧತೆಯಾದರೆ ನೀರು, ಸೊಪ್ಪು, ಸೀಬೆಹಣ್ಣು, ಮಾತ್ರೆ ಬಿಡುವುದಲ್ಲ.

ಇನ್ನು ಸೀಮಂತ. ಜರಿ ಸೀರೆ, ಮೊಗ್ಗಿನ ಜಡೆ, ಮೊಣಕೈವರೆಗೂ ಹಸಿರು ಬಳೆ. ಮಣೆಯ ಮೇಲೆ ಕೂತವಳ ಬೆನ್ನು ಸೋತಿದೆ, ಕಾಲುಂಗುರ ಊದಿದ ಬೆರಳಿಗೆ ಕಚ್ಚಿದೆ, ಫೋಟೋದವನು "ಮೇಡಂ, ಸ್ಮೈಲ್" ಅನ್ನುತ್ತಿದ್ದಾನೆ. ಬೆನ್ನಿಗೊಂದು ದಿಂಬು, ನಡುವೆ ನಾಲ್ಕು ಹೆಜ್ಜೆ ಓಡಾಟ, ಕಾಲು ಇಡಲು ಒಂದು ಸ್ಟೂಲು ಕೊಟ್ಟರೆ ಶಾಸ್ತ್ರವೇನೂ ಕೆಡುವುದಿಲ್ಲ. ರಾತ್ರಿ ಮೀನಖಂಡ ಹಿಡಿದುಕೊಂಡರೆ ಕಾಲು ನೀಡಿ ಬೆರಳನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಹೊಟ್ಟೆ ಅಡ್ಡ ಬಂದರೆ ಎಳೆಯುವುದು ಪಕ್ಕದಲ್ಲಿ ಗೊರಕೆ ಹೊಡೆಯುವವನ ಕೆಲಸ.

ಇಷ್ಟು ಮಾತಾಡುವ ನಾವು ಆಡಲೇಬಾರದ ಮಾತೊಂದಿದೆ: "ಬಸುರಿಗೆ ಇದೆಲ್ಲ ಇದ್ದದ್ದೇ." ಸಂಜೆ ಪಾದ ಊದುವುದು ಇದ್ದದ್ದೇ. ಆದರೆ ಮುಖ, ಕೈ ದಿಢೀರನೆ ಊದಿ, ತಲೆ ಸಿಡಿದು, ಕಣ್ಣು ಮಂಜಾದರೆ ಅದು ಬಿ.ಪಿ. ಏರಿದ ಸೂಚನೆಯಿರಬಹುದು. ಅಂಗೈ ಅಂಗಾಲು ತಡೆಯಲಾರದಷ್ಟು ತುರಿಸಿದರೆ ಕೊಬ್ಬರಿ ಎಣ್ಣೆ ಸವರಿ ಕೂರಬಾರದು, ಯಕೃತ್ತಿನ ಪರೀಕ್ಷೆ ಆಗಬೇಕು. ರಕ್ತ ಕಂಡರೆ, ನೀರು ಹೋದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ರಾಹುಕಾಲ ನೋಡದೆ ಆಸ್ಪತ್ರೆಗೆ ಹೊರಡಿ.

ಉಳಿದಂತೆ, ಮನೆಯಲ್ಲಿ ಬಸುರಿಯಿದ್ದರೆ ಇವತ್ತು ಏಳೂವರೆಗೇ ಮೊದಲು ಅವಳಿಗೆ ಬಡಿಸಿ. ಕಟ್ಟೆ ಒರೆಸುವುದನ್ನು ನ್ಯೂಸ್ ನೋಡುವವರಿಗೆ ಬಿಡಿ.