ಅದು ಅವಳ ಕೆಲಸ, ಅವಳನ್ನೇ ಕೇಳಿ

ಸಮ್ಮೇಳನ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಶಾಮಿಯಾನ, ಹಾರ, ಶಾಲು, ಮತ್ತು ‘ಸಮಯದ ಅಭಾವದಿಂದ ಎರಡೇ ಮಾತು’ ಎಂದು ಶುರುಮಾಡಿ ಮುಕ್ಕಾಲು ಗಂಟೆ ಎಳೆಯುವ ಮುಖ್ಯ ಅತಿಥಿಗಳು. ಸಾಫ್ಟ್‌ವೇರ್ ಬರೆಯುವವರ ಸಮ್ಮೇಳನದ ರೀತಿಯೇ ಬೇರೆ. ಅಲ್ಲಿ ಮಾತನಾಡುವವರು ತಾವು ಕಟ್ಟಿದ್ದೇನು, ಅದು ಎಲ್ಲಿ ಕೈಕೊಟ್ಟಿತು, ಹೇಗೆ ಸರಿಹೋಯಿತು ಎಂಬುದನ್ನು ಅದೇ ಕಸುಬಿನವರ ಮುಂದೆ ಹೇಳಬೇಕು. ಕೇಳುವವರು ಬರೀ ಚಪ್ಪಾಳೆ ತಟ್ಟಿ ಏಳುವುದಿಲ್ಲ, ಪ್ರಶ್ನೆ ಹಾಕುತ್ತಾರೆ.

ಇಂಥ ಸಮ್ಮೇಳನಗಳಲ್ಲಿ ಹೆಸರಾದದ್ದು ಅಮೆರಿಕದ ಪೋರ್ಟ್‌ಲೆಂಡಿನಲ್ಲಿ 1986ರಲ್ಲಿ ಆರಂಭವಾದ ‘ಊಪ್ಸ್‌ಲಾ’. ಆಬ್ಜೆಕ್ಟ್ ಓರಿಯೆಂಟೆಡ್ ಎಂಬ ಕ್ರಮದಲ್ಲಿ ಪ್ರೋಗ್ರಾಮ್ ಬರೆಯುವವರ ಕೂಟ ಅದು. ಈ ಪದಕ್ಕೆ ‘ವಸ್ತುನಿಷ್ಠ’ ಎಂದು ಕನ್ನಡ ಮಾಡಹೋದರೆ ಬೇರೆಯೇ ಅರ್ಥ ಬರುತ್ತದೆ. ಆದ್ದರಿಂದ ಆಬ್ಜೆಕ್ಟ್ ಎಂದೇ ಇಟ್ಟುಕೊಳ್ಳೋಣ.

ವಿಷಯ ಮಾತ್ರ ಹೆಸರಿನಷ್ಟು ಭಾರವಾದುದಲ್ಲ. 1960ರ ದಶಕದಲ್ಲಿ ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ‘ಸಿಮ್ಯುಲಾ’ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಇದಕ್ಕೆ ತಳಪಾಯ ಹಾಕಿದರು. ‘ಆಬ್ಜೆಕ್ಟ್ ಓರಿಯೆಂಟೆಡ್’ ಎಂಬ ಹೆಸರನ್ನು ಚಲಾವಣೆಗೆ ತಂದವರು ಅಲನ್ ಕೇ. ಅವರು ಗಣಿತದ ಜೊತೆಗೆ ಅಣುಜೀವಶಾಸ್ತ್ರವನ್ನೂ ಓದಿದವರು. ಪ್ರೋಗ್ರಾಮಿನ ಭಾಗಗಳನ್ನು ಅವರು ಜೀವಕೋಶಗಳಂತೆ ಕಲ್ಪಿಸಿಕೊಂಡರು. ಪ್ರತಿ ಕೋಶಕ್ಕೂ ಒಂದು ಪೊರೆ. ಒಳಗಿನ ವ್ಯವಹಾರ ಒಳಗೇ. ಹೊರಗಿನವರೊಡನೆ ಸಂದೇಶದ ಮೂಲಕ ಮಾತ್ರ ಸಂಬಂಧ. ಜೀವಕೋಶದ ಪಾಠ ಓದಿದ ನಮ್ಮ ಹೈಸ್ಕೂಲು ಮಕ್ಕಳು ಇದರ ಅರ್ಧದಷ್ಟನ್ನು ಆಗಲೇ ಕಲಿತಿದ್ದಾರೆ ಎಂದಾಯಿತು!

ಚಿಕ್ಕಜಾಲದ ನಮ್ಮ ಮಕ್ಕಳಿಗೆ ಉಳಿದರ್ಧವನ್ನು ಕಲಿಸಿದವಳು ನನ್ನದೇ ಒಬ್ಬ ಹಳೆಯ ವಿದ್ಯಾರ್ಥಿನಿ. ಹೆಬ್ಬಾಳದ ಕಡೆ ಒಂದು ಕಂಪನಿಯಲ್ಲಿ ಕೆಲಸ. ಆಗಾಗ ಸಮ್ಮೇಳನಗಳಲ್ಲಿ ಮಾತನಾಡುತ್ತಾಳೆ. ಒಮ್ಮೆ ಬಂದು, “ಸಾರ್, ನನ್ನ ಭಾಷಣ ಒಂಬತ್ತನೇ ಕ್ಲಾಸಿನವರಿಗೆ ಅರ್ಥವಾದರೆ ಎಲ್ಲರಿಗೂ ಅರ್ಥವಾಗುತ್ತೆ. ಒಂದು ಪೀರಿಯಡ್ ಕೊಡಿ” ಎಂದಳು. ಲ್ಯಾಪ್‌ಟಾಪ್ ಬಿಚ್ಚುತ್ತಾಳೆ ಎಂದುಕೊಂಡರೆ, ಅವಳು ಚೀಲದಿಂದ ತೆಗೆದದ್ದು ಹಳೆಯ ಲಗ್ನಪತ್ರಿಕೆಗಳನ್ನು ಪೋಸ್ಟ್‌ಕಾರ್ಡ್ ಅಳತೆಗೆ ಕತ್ತರಿಸಿದ ತುಂಡುಗಳು.

ಈ ಉಪಾಯ ಅವಳದಲ್ಲ. ಕೆಂಟ್ ಬೆಕ್ ಮತ್ತು ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬಿಬ್ಬರು 1989ರ ಊಪ್ಸ್‌ಲಾದಲ್ಲಿ ಇದನ್ನು ಮಂಡಿಸಿದ್ದರು. ಪ್ರತಿ ಕಾರ್ಡಿನಲ್ಲಿ ಮೂರೇ ಸಂಗತಿ: ಹೆಸರು, ಜವಾಬ್ದಾರಿಗಳು, ಮತ್ತು ಆ ಕೆಲಸಕ್ಕೆ ಯಾರ ನೆರವು ಬೇಕು ಎಂಬುದು. ಒಬ್ಬೊಬ್ಬರು ಒಂದೊಂದು ಕಾರ್ಡು ಹಿಡಿದು ತಾವೇ ಆ ಪಾತ್ರವಾಗಿ ಒಂದು ಸನ್ನಿವೇಶವನ್ನು ನಡೆಸಿ ನೋಡಬೇಕು. ಕಂಪ್ಯೂಟರ್ ಬೇಕಾಗಿಯೇ ಇಲ್ಲ.

ನಮ್ಮ ತರಗತಿಯಲ್ಲಿ ಆ ಸನ್ನಿವೇಶ ಹಾಲಿನ ಡೇರಿ. ನಾಲ್ವರನ್ನು ನಿಲ್ಲಿಸಿ ‘ಅಳತೆ’, ‘ಪರೀಕ್ಷೆ’, ‘ದರಪಟ್ಟಿ’, ‘ಪಾಸ್‌ಬುಕ್’ ಎಂಬ ಕಾರ್ಡು ಕೊಟ್ಟಳು. ಒಬ್ಬ ಅಜ್ಜಿ ನಾಲ್ಕು ಲೀಟರ್ ಹಾಲು ತಂದಳೆನ್ನಿ. ಅಳತೆ ಲೀಟರ್ ಹೇಳಬೇಕು. ಪರೀಕ್ಷೆ ಫ್ಯಾಟ್ ಹೇಳಬೇಕು. ದರಪಟ್ಟಿ ಅದನ್ನು ಕೇಳಿ ಲೀಟರಿಗೆ ಇಷ್ಟು ಎನ್ನಬೇಕು. ಪಾಸ್‌ಬುಕ್ ಮೊತ್ತ ಬರೆದುಕೊಳ್ಳಬೇಕು. ಪಾಸ್‌ಬುಕ್ ಹಿಡಿದ ಹುಡುಗ ಚುರುಕು. ಗುಣಾಕಾರ, ದರ, ಫ್ಯಾಟಿನ ಲೆಕ್ಕ ಎಲ್ಲವನ್ನೂ ತನ್ನ ಕಾರ್ಡಿನಲ್ಲೇ ಬರೆಯಲು ಹೋದ. ಜಾಗ ಸಾಲಲಿಲ್ಲ. “ಇನ್ನೊಂದು ಕಾರ್ಡ್ ಕೊಡಕ್ಕಾ” ಎಂದ. ಅವಳು ಕೊಡಲಿಲ್ಲ. “ಕಾರ್ಡು ತುಂಬಿತು ಅಂದ್ರೆ ನೀನು ಬೇರೆಯವರ ಕೆಲಸನೂ ಹೊತ್ಕೊಂಡಿದ್ದೀಯ ಅಂತ. ಯಾರಿಗೆ ಕೊಡ್ತೀಯ ನೋಡು” ಎಂದಳು. ಕಾರ್ಡು ಚಿಕ್ಕದಿರುವುದು ಕಾಗದ ಉಳಿಸುವುದಕ್ಕಲ್ಲ ಎಂದು ಆಗ ತಿಳಿಯಿತು.

ಆಮೇಲೆ ನಿಜವಾದ ಪ್ರಶ್ನೆ. ಹಿಂದೆ ಡೇರಿಯಲ್ಲಿ ಫ್ಯಾಟ್ ನೋಡುತ್ತಿದ್ದುದು ಗರ್ಬರ್ ವಿಧಾನದಿಂದ. ಗಾಜಿನ ನಳಿಕೆಯಲ್ಲಿ ಹಾಲಿಗೆ ಸಲ್ಫ್ಯೂರಿಕ್ ಆಮ್ಲ ಮತ್ತು ಅಮೈಲ್ ಆಲ್ಕೊಹಾಲ್ ಬೆರೆಸಿ, ಗಿರಗಿರನೆ ತಿರುಗಿಸಿ, ಮೇಲೆ ಬಂದ ಕೊಬ್ಬಿನ ಪದರವನ್ನು ಓದುತ್ತಿದ್ದರು. ನಂತರ ವಿದ್ಯುತ್ ಯಂತ್ರಗಳು ಬಂದವು. “ಯಂತ್ರ ಬಂದಾಗ ಯಾರ್ಯಾರ ಕಾರ್ಡು ಬದಲಾಗಬೇಕು?” ‘ಪರೀಕ್ಷೆ’ ಹಿಡಿದಿದ್ದವಳು ನಮ್ಮ ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿ. ಮೆಲ್ಲಗೆ, “ಯಾರದ್ದೂ ಇಲ್ಲ ಅಕ್ಕಾ. ನಂದು ಒಳಗೆ ಮಾತ್ರ. ಅವರಿಗೆ ನಾನು ಆಗಲೂ ಫ್ಯಾಟ್ ಎಷ್ಟು ಅಂತಲೇ ಹೇಳ್ತಿದ್ದೆ, ಈಗಲೂ ಅದನ್ನೇ ಹೇಳ್ತೀನಿ” ಎಂದಳು.

ಆಬ್ಜೆಕ್ಟ್ ಕ್ರಮದ ತಿರುಳೆಲ್ಲ ಆ ಮಾತಿನಲ್ಲಿದೆ. ಒಳಗೆ ಏನೇ ಬದಲಾಗಲಿ, ಹೊರಗಿನವರಿಗೆ ಕೊಟ್ಟ ಮಾತು ತಪ್ಪಬಾರದು. ಆ ಹುಡುಗಿ ಗೈಡು ಓದಿ ಇದನ್ನು ಹೇಳಲಿಲ್ಲ. ಒಂದು ಕೆಲಸ ಪೂರ್ತಿಯಾಗಿ ಅವಳದಾಗಿತ್ತು, ಆದ್ದರಿಂದ ಹೇಳಿದಳು.

ಇಲ್ಲಿ ಕೂಡಿ ಕೆಲಸ ಮಾಡುವ ಮಾತು ಬರುತ್ತದೆ. ಒಂದು ಸಂಸ್ಥೆಯ ಜನ ಒಬ್ಬರೊಡನೊಬ್ಬರು ಹೇಗೆ ಮಾತಾಡಿಕೊಳ್ಳುತ್ತಾರೋ ಅವರು ರೂಪಿಸುವ ವ್ಯವಸ್ಥೆಯೂ ಅದೇ ಆಕಾರ ತಳೆಯುತ್ತದೆ ಎಂದು ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದರು. ಮಾತುಬಿಟ್ಟ ಇಬ್ಬರು ಕಟ್ಟಿದ ಎರಡು ಭಾಗಗಳು ಒಂದಕ್ಕೊಂದು ಹೊಂದುವುದಿಲ್ಲ. ತಡವಾದ ಕೆಲಸಕ್ಕೆ ಇನ್ನಷ್ಟು ಜನ ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂದು ಫ್ರೆಡ್ ಬ್ರೂಕ್ಸ್ 1975ರಲ್ಲಿ ಹೇಳಿದರು. ಹೊಸಬರಿಗೆ ಕೆಲಸ ತಿಳಿಸಿಕೊಡುವುದರಲ್ಲೇ ಹಳಬರ ಹೊತ್ತು ಕಳೆಯುತ್ತದೆ. ಎಷ್ಟು ಜನ ಎಂಬುದಕ್ಕಿಂತ ಯಾರು ಯಾರನ್ನು ಕೇಳುತ್ತಾರೆ ಎಂಬುದೇ ಮುಖ್ಯ.

ನಮ್ಮ ಶಾಲೆಗಳಲ್ಲಿ ಇದಕ್ಕೆ ಅವಕಾಶವಿಲ್ಲವೆ? ಇದೆ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ಹೊಣೆಯನ್ನು ಕರ್ನಾಟಕದಲ್ಲಿ ಹೊತ್ತದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಮಕ್ಕಳು ತಂಡ ಕಟ್ಟಿಕೊಂಡು, ತಮ್ಮೂರಿನದೇ ಸಮಸ್ಯೆಯೊಂದನ್ನು ಹಿಡಿದು, ಅಳೆದು, ಬರೆದು, ತೀರ್ಪುಗಾರರ ಮುಂದೆ ತಮ್ಮ ಭಾಷೆಯಲ್ಲೇ ಮಂಡಿಸಲು ಅದು ವೇದಿಕೆಯಾಯಿತು. ಸಾಫ್ಟ್‌ವೇರ್ ಮಂದಿಯ ಸಮ್ಮೇಳನಕ್ಕೂ ಇದಕ್ಕೂ ರೀತಿಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಅಂಥದೊಂದು ಮಂಡನೆಗೆ ತಯಾರಿ ನಡೆಸುತ್ತಿದ್ದಾಗ ತಂದೆಯೊಬ್ಬರು ಬಂದು, “ನಮ್ ಹುಡ್ಗ ಚೆನ್ನಾಗಿ ಮಾತಾಡ್ತಾನೆ ಸಾರ್. ಅವನೊಬ್ಬನೇ ಸ್ಟೇಜ್ ಮೇಲೆ ನಿಂತ್ಕೊಳ್ಳಲಿ ಬಿಡಿ, ಮಿಕ್ಕೋರೆಲ್ಲ ಯಾಕೆ?” ಎಂದರು. ಅವರ ಆಸೆಯೇನೂ ತಪ್ಪಲ್ಲ. ಬಳ್ಳಾರಿ ರಸ್ತೆಯ ಉದ್ದಕ್ಕೂ ಎದ್ದಿರುವ ಗಾಜಿನ ಕಟ್ಟಡಗಳನ್ನು ನೋಡುತ್ತ, ನನ್ನ ಮಗ ಅದರೊಳಗೆ ಕೂರಲಿ ಎಂದು ಯಾವ ತಂದೆಗೆ ಅನಿಸುವುದಿಲ್ಲ? ನಾನು ಕೇಳಿದ್ದು ಇಷ್ಟೆ: “ಅವತ್ತು ಇವನಿಗೆ ಜ್ವರ ಬಂದರೆ?” ಅವರು ಸುಮ್ಮನಾದರು.

ತೀರ್ಪುಗಾರರು ಪ್ರಶ್ನೆ ಹಾಕಿದಾಗ, “ನೀರಿನ ಮಾದರಿ ತಂದವಳು ಅವಳು ಸಾರ್, ಅದು ಅವಳ ಕೆಲಸ, ಅವಳನ್ನೇ ಕೇಳಿ” ಎಂದರೆ ಅಂಕ ಹೋಗುತ್ತದೆಂದು ಮಕ್ಕಳಿಗೆ ಭಯ. ನನ್ನ ಹಳೆಯ ವಿದ್ಯಾರ್ಥಿನಿ ಹೇಳುವುದು ಬೇರೆ. ದೊಡ್ಡ ಸಮ್ಮೇಳನದಲ್ಲೂ ಅವಳು, “ಆ ಭಾಗ ಮಾಡಿದವರು ಮೂರನೇ ಸಾಲಿನಲ್ಲಿದ್ದಾರೆ” ಎಂದು ಕೈ ತೋರಿಸುತ್ತಾಳಂತೆ. ಷರತ್ತು ಒಂದೇ: ಕೈ ತೋರಿಸಿದ ಕಡೆ ಉತ್ತರ ಇರಬೇಕು. ತಂಡದಲ್ಲಿ ಹೆಸರಿಗಷ್ಟೇ ಇರುವ ಹುಡುಗಿಯ ಕಡೆ ಕೈ ತೋರಿಸಿದರೆ ಇಬ್ಬರೂ ಮುಳುಗುತ್ತಾರೆ.

ಅಂದು ಕಾರ್ಡು ತಂದ ಕನ್ನಿಂಗ್‌ಹ್ಯಾಮ್ ಅಲ್ಲಿಗೇ ನಿಲ್ಲಲಿಲ್ಲ. ಯಾರು ಬೇಕಾದರೂ ಬಂದು ತಿದ್ದಬಹುದಾದ ಜಾಲತಾಣವೊಂದನ್ನು 1995ರಲ್ಲಿ ಮಾಡಿದರು. ಹೊನೊಲುಲು ವಿಮಾನ ನಿಲ್ದಾಣದ ‘ವಿಕಿ ವಿಕಿ’ ಬಸ್ಸಿನ ನೆನಪಿಗೆ ಅದಕ್ಕೆ ‘ವಿಕಿ’ ಎಂದು ಹೆಸರಿಟ್ಟರು. ಹವಾಯಿ ಭಾಷೆಯಲ್ಲಿ ವಿಕಿ ಎಂದರೆ ಬೇಗ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಂದಿನಿಂದ ಅಂಥ ಬಸ್ಸುಗಳು ನಮ್ಮೂರ ಮುಂದೆಯೂ ಓಡುತ್ತಿವೆ! 2001ರಲ್ಲಿ ಬಂದ ವಿಕಿಪೀಡಿಯ, ಆಮೇಲೆ ಬಂದ ಕನ್ನಡ ವಿಕಿಪೀಡಿಯ ಎಲ್ಲವೂ ಆ ಬಳ್ಳಿಯ ಕಾಯಿಗಳೇ.

ಕೋಡಿಂಗ್ ಕಲಿಸುತ್ತೇವೆಂದು ಸಾವಿರಾರು ರೂಪಾಯಿ ಕೇಳುವವರು ಈಗ ಎಲ್ಲೆಡೆ ಇದ್ದಾರೆ. ಕಲಿಯುವುದು ಬೇಡ ಎನ್ನಲಾರೆ. ಆದರೆ ಪ್ರೋಗ್ರಾಮಿನ ಸಾಲುಗಳನ್ನು ಯಂತ್ರವೇ ಬರೆದುಕೊಡುವ ಕಾಲ ಬಂದಿದೆ. ಕೆಲಸವನ್ನು ಸರಿಯಾಗಿ ಹಂಚುವುದು, ತನ್ನ ಪಾಲನ್ನು ಪೂರ್ತಿ ಅರಿಯುವುದು, ಅದನ್ನು ನಾಲ್ಕು ಜನರ ಮುಂದೆ ಬಿಡಿಸಿ ಹೇಳುವುದು ಮನುಷ್ಯರ ಪಾಲಿಗೆ ಉಳಿದಿದೆ. ಇವನ್ನು ಕಲಿಯಲು ಬೇಕಾದದ್ದು ಕತ್ತರಿ ಮತ್ತು ನಾಲ್ಕು ಹಳೆಯ ಲಗ್ನಪತ್ರಿಕೆ.

ಶಾಲೆಯಿಂದ ಬಂದ ಮಗುವನ್ನು ‘ಎಷ್ಟು ಮಾರ್ಕ್ಸ್ ಬಂತು’ ಎಂದು ಕೇಳುವುದು ಇದ್ದೇ ಇದೆ. ತಂಡದ ಕೆಲಸವಿದ್ದ ದಿನ ಜೊತೆಗೆ ಇನ್ನೆರಡು ಮಾತು ಕೇಳಿ: ಇದರಲ್ಲಿ ನಿನ್ನ ಕೆಲಸ ಯಾವುದು? ಯಾರನ್ನು ಕೇಳಿ ಮಾಡಿದೆ? ಎರಡನೆಯದಕ್ಕೆ ಮಗು ಗೆಳತಿಯ ಹೆಸರು ಹೇಳಿದರೆ ಅದನ್ನು ಕಾಪಿ ಎಂದು ಗದರಬೇಡಿ. ಆ ಗೆಳತಿ ಏನು ಹೇಳಿದಳು ಎಂಬುದನ್ನೂ ಕೇಳಿಸಿಕೊಳ್ಳಿ.